ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಕೋರ್ಸು: ದುಡ್ಡು ಕಟ್ಟುವ ಮುನ್ನ ನೋಡಬೇಕಾದದ್ದು

ಭಾರತದಲ್ಲಿ ಸನ್ನೆ ಭಾಷೆಯ ಇಂಟರ್‌ಪ್ರಿಟರ್, ಅಂದರೆ ಕಿವುಡರ ಸನ್ನೆಯನ್ನು ಮಾತಿಗೂ ಮಾತನ್ನು ಸನ್ನೆಗೂ ದಾಟಿಸುವವರು, ಆಗಬೇಕೆಂದರೆ ಹುಡುಕಬೇಕಾದ ಕೋರ್ಸಿನ ಪೂರ್ತಿ ಹೆಸರು ಡಿಪ್ಲೊಮಾ ಇನ್ ಇಂಡಿಯನ್ ಸೈನ್ ಲ್ಯಾಂಗ್ವೇಜ್ ಇಂಟರ್‌ಪ್ರಿಟೇಷನ್. ಈ ವಲಯದವರ ಬಾಯಲ್ಲಿ ಅದು ಬರೀ ‘ಡಿಸ್ಲಿ’. ಎರಡು ವರ್ಷದ ಕೋರ್ಸು. ಯಾವುದೇ ವಿಭಾಗದಲ್ಲಿ ಪಿಯುಸಿ ಮುಗಿಸಿ ಶೇ 50 ಅಂಕ ಬಂದಿದ್ದರೆ ಅರ್ಜಿ ಹಾಕಬಹುದು, ವಿಜ್ಞಾನವೇ ಆಗಬೇಕೆಂದೇನಿಲ್ಲ. ಡಿಗ್ರಿ ಆದವರೂ ಇದನ್ನೇ ಓದುತ್ತಾರೆ.

ಹೆಸರನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಇದರ ಅಕ್ಕಪಕ್ಕದಲ್ಲೇ ಕೇಳಿದರೆ ಒಂದೇ ಥರ ಅನ್ನಿಸುವ ಬೇರೆ ಕೋರ್ಸುಗಳಿವೆ, ತಪ್ಪಿ ಅವುಗಳಿಗೆ ಸೇರುವವರು ಬಹಳ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹೆಸರು ಕೇಳಿದ ಕೂಡಲೇ ‘ಅಲ್ಲಿ ಕಿವುಡರಿಗೆ ಸಂಬಂಧಪಟ್ಟದ್ದೆಲ್ಲ ಕಲಿಸುತ್ತಾರೆ’ ಎಂದು ಬಿಎಎಸ್‌ಎಲ್‌ಪಿ ಪದವಿಗೆ ಹೋಗುತ್ತಾರೆ. ಅದು ಕಿವಿ ಪರೀಕ್ಷೆ, ಶ್ರವಣ ಸಾಧನ, ಮಾತಿನ ಚಿಕಿತ್ಸೆಯ ಓದು. ಒಳ್ಳೆಯ ವೃತ್ತಿಯೇ, ಆದರೆ ಇಂಟರ್‌ಪ್ರಿಟರ್ ಕೆಲಸ ಅದಲ್ಲ. ಡಿ.ಎಡ್ ಸ್ಪೆಷಲ್ ಎಜುಕೇಷನ್ ಓದಿದವರು ಕಿವುಡ ಮಕ್ಕಳ ಶಾಲೆಯಲ್ಲಿ ಮೇಷ್ಟ್ರಾಗುತ್ತಾರೆ. ಅದರಲ್ಲಿ ಸನ್ನೆ ಭಾಷೆ ಒಂದು ಭಾಗ ಮಾತ್ರ. ಇನ್ನೊಂದು ಡಿಟಿಐಎಸ್‌ಎಲ್, ಅಂದರೆ ಸನ್ನೆ ಭಾಷೆ ಕಲಿಸುವವರ ಡಿಪ್ಲೊಮಾ. ಅದು ಇರುವುದು ಕಿವುಡರಿಗಾಗಿ, ಕಿವಿ ಕೇಳುವವರಿಗಲ್ಲ. ಈ ಕೋರ್ಸನ್ನು ನೆನಪಿನಲ್ಲಿಟ್ಟುಕೊಳ್ಳಿ. ನಿಮಗೆ ಅಲ್ಲಿ ಸೀಟು ಸಿಗದಿದ್ದರೂ, ಕಾಲೇಜು ಆರಿಸುವಾಗ ಅದು ಲೆಕ್ಕಕ್ಕೆ ಬರುತ್ತದೆ.

ಮೂರು ತಿಂಗಳ ಆನ್‌ಲೈನ್ ಸರ್ಟಿಫಿಕೇಟುಗಳೂ ಸಾಕಷ್ಟಿವೆ. ಭಾಷೆಯ ಪರಿಚಯಕ್ಕೆ ಅವು ಸಾಕು. ಕೋರ್ಟಿನಲ್ಲೋ ಆಸ್ಪತ್ರೆಯಲ್ಲೋ ಇಬ್ಬರ ನಡುವೆ ನಿಂತು ಮಾತು ದಾಟಿಸಲು ಸಾಲವು. ‘90 ದಿನದಲ್ಲಿ ಸರ್ಟಿಫೈಡ್ ಇಂಟರ್‌ಪ್ರಿಟರ್’ ಎಂದು ಜಾಹೀರಾತು ಕೊಡುವವರನ್ನು ದೂರವಿಡಿ. ಕನ್ನಡವೇ ಬಾರದವರು ಮೂರು ತಿಂಗಳು ಕನ್ನಡ ಕಲಿತು ವಿಧಾನಸೌಧದಲ್ಲಿ ಭಾಷಾಂತರಕ್ಕೆ ನಿಂತರೆ ಹೇಗಿರುತ್ತದೋ ಇದೂ ಹಾಗೆಯೇ.

ಮೊದಲು ಪಟ್ಟಿ, ಆಮೇಲೆ ಪ್ರಾಸ್ಪೆಕ್ಟಸ್

ಈ ಕೋರ್ಸಿಗೆ ಮಾನ್ಯತೆ ಕೊಡುವುದು ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ. ಚಿಕ್ಕದಾಗಿ ಆರ್‌ಸಿಐ, 1992ರ ಕಾಯ್ದೆಯಡಿ ಬಂದ ಸಂಸ್ಥೆ. ಆರ್‌ಸಿಐ ಒಪ್ಪಿದ ಕೋರ್ಸು ಮುಗಿಸಿದವರಿಗೆ ಸೆಂಟ್ರಲ್ ರಿಹ್ಯಾಬಿಲಿಟೇಷನ್ ರಿಜಿಸ್ಟರ್‌ನಲ್ಲಿ ಹೆಸರು ನೋಂದಾಯಿಸಿ ಒಂದು ಸಂಖ್ಯೆ ಕೊಡುತ್ತಾರೆ. ಸಿಆರ್‌ಆರ್ ನಂಬರ್ ಎನ್ನುವುದು ಅದನ್ನೇ. ಸರ್ಕಾರಿ ಹುದ್ದೆಯ ಅರ್ಜಿಯಲ್ಲಿ, ವಿಶೇಷ ಶಾಲೆಯ ನೇಮಕಾತಿಯಲ್ಲಿ ಮೊದಲು ಕೇಳುವುದೂ ಅದನ್ನೇ.

ಆದ್ದರಿಂದ ಪ್ರಾಸ್ಪೆಕ್ಟಸ್ ತಿರುವಿಹಾಕುವ ಮೊದಲು ಆರ್‌ಸಿಐ ಜಾಲತಾಣದಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ತೆಗೆಯಿರಿ. ನಾಲ್ಕು ವಿಷಯ ತಾಳೆಯಾಗಬೇಕು. ಸಂಸ್ಥೆಯ ಹೆಸರು ಮತ್ತು ವಿಳಾಸ ಅಕ್ಷರಶಃ ಅದೇ ಇರಬೇಕು. ಒಂದೇ ಟ್ರಸ್ಟಿನ ಎರಡು ಊರಿನ ಕಾಲೇಜುಗಳಲ್ಲಿ ಒಂದಕ್ಕೆ ಮಾತ್ರ ಅನುಮತಿ ಇರಬಹುದು. ಆ ಸಂಸ್ಥೆಯ ಹೆಸರಿನ ಮುಂದೆ ಡಿಸ್ಲಿ ಕೋರ್ಸೇ ನಮೂದಾಗಿರಬೇಕು. ಬಿ.ಎಡ್ ಸ್ಪೆಷಲ್‌ಗೆ ಅನುಮತಿ ಇದೆ ಅಂದಮಾತ್ರಕ್ಕೆ ಡಿಸ್ಲಿಗೂ ಇದೆ ಎಂದಾಗುವುದಿಲ್ಲ. ಅನುಮತಿಯ ಅವಧಿಯಲ್ಲಿ ನೀವು ಸೇರುವ ಶೈಕ್ಷಣಿಕ ವರ್ಷ ಬರಬೇಕು. ನಾಲ್ಕನೆಯದು ಸೀಟುಗಳ ಸಂಖ್ಯೆ.

ಎಡವಟ್ಟಾಗುವುದು ಸಾಮಾನ್ಯವಾಗಿ ಮೂರನೆಯದರಲ್ಲಿ. ಅನುಮತಿ ಕೊಡುವುದು ಇಂತಿಷ್ಟು ವರ್ಷಕ್ಕೆಂದು. ಅವಧಿ ಮುಗಿದು ನವೀಕರಣ ಇನ್ನೂ ಆಗಿರುವುದಿಲ್ಲ, ‘ಅರ್ಜಿ ಹಾಕಿದ್ದೇವೆ, ಬಂದೇ ಬರುತ್ತದೆ’ ಎಂದು ಆಫೀಸಿನವರು ಸೇರಿಸಿಕೊಳ್ಳುತ್ತಾರೆ. ಅದು ಬಾರದೆ ಹೋದರೆ ಪರೀಕ್ಷೆಗೆ ಕೂರಲು ಆಗುವುದಿಲ್ಲ, ಕಟ್ಟಿದ ಫೀಸು ಮತ್ತು ಒಂದು ವರ್ಷ ಎರಡೂ ಹೋದಂತೆ. ಡಿಪ್ಲೊಮಾ ಮಟ್ಟದ ಪರೀಕ್ಷೆ ಕಾಲೇಜಿನ ಕೈಯಲ್ಲಿಲ್ಲ. ಅದಕ್ಕೆ ನ್ಯಾಷನಲ್ ಬೋರ್ಡ್ ಆಫ್ ಎಕ್ಸಾಮಿನೇಷನ್ ಇನ್ ರಿಹ್ಯಾಬಿಲಿಟೇಷನ್ ಎಂಬ ಮಂಡಳಿ ಇದೆ. ‘ಪರೀಕ್ಷೆ ಯಾರು ನಡೆಸುತ್ತಾರೆ?’ ಎಂಬ ಒಂದೇ ಪ್ರಶ್ನೆ ಕೇಳಿ. ‘ನಾವೇ’ ಎಂದರೆ ಎದ್ದು ಬನ್ನಿ. ಗೋಡೆಗೆ ತೂಗುಹಾಕಿದ ಐಎಸ್‌ಒ ಪ್ರಮಾಣಪತ್ರ, ಟ್ರಸ್ಟ್ ನೋಂದಣಿ, ನೀತಿ ಆಯೋಗದ ಎನ್‌ಜಿಒ ನಂಬರ್, ಇವು ಯಾವುದೂ ಕೋರ್ಸಿನ ಮಾನ್ಯತೆ ಅಲ್ಲ.

ಹುಡುಕಾಟವನ್ನು ಎಲ್ಲಿಂದ ಶುರುಮಾಡಬೇಕು? ದೆಹಲಿಯ ಇಂಡಿಯನ್ ಸೈನ್ ಲ್ಯಾಂಗ್ವೇಜ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್ 2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಡಿಸ್ಲಿ, ಡಿಟಿಐಎಸ್‌ಎಲ್ ಎರಡೂ ಅಲ್ಲಿವೆ. ಮುಂಬೈ ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆಗೆ ಸಿಕಂದರಾಬಾದಿನಲ್ಲೂ ಪ್ರಾದೇಶಿಕ ಕೇಂದ್ರವಿದೆ, ಕಲಬುರಗಿ, ಬೀದರ, ರಾಯಚೂರಿನವರಿಗೆ ಅದು ಹತ್ತಿರ. ದಕ್ಷಿಣದಲ್ಲಿ ತಿರುವನಂತಪುರದ ವಾಕ್ ಶ್ರವಣ ಸಂಸ್ಥೆ ನಿಶ್ ಮತ್ತು ಕೊಯಮತ್ತೂರಿನ ರಾಮಕೃಷ್ಣ ಮಿಷನ್ ವಿವೇಕಾನಂದ ವಿದ್ಯಾಸಂಸ್ಥೆ ಈ ಕ್ಷೇತ್ರದಲ್ಲಿ ಹಳಬರು. ಇವುಗಳ ಹೆಸರು ದೊಡ್ಡದೆಂದು ಪಟ್ಟಿ ನೋಡುವುದನ್ನು ಬಿಡಬೇಡಿ. ಈ ವರ್ಷ ಡಿಸ್ಲಿ ಬ್ಯಾಚ್ ಇದೆಯೇ ಎಂಬುದನ್ನು ಅಲ್ಲೇ ಖಚಿತಪಡಿಸಿಕೊಳ್ಳಿ. ಪ್ರವೇಶದ ಕ್ರಮ ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು, ಹಾಗಾಗಿ ಹೋದ ವರ್ಷ ಸೇರಿದವರ ಮಾತು ನಂಬಿ ಕೂರದೆ ಏಪ್ರಿಲ್‌ನಿಂದಲೇ ಅಧಿಸೂಚನೆಗೆ ಕಣ್ಣಿಟ್ಟಿರಿ.

ಒಂದು ತರಗತಿಯಲ್ಲಿ ಕೂತು ನೋಡಿ

ಮಾನ್ಯತೆ ಇರುವ ಎರಡು ಮೂರು ಕಾಲೇಜು ಕೈಯಲ್ಲಿ ಉಳಿದವೆಂದರೆ ಅವುಗಳಲ್ಲಿ ಆರಿಸುವುದು ಹೇಗೆ? ಕಟ್ಟಡ, ಎಸಿ, ಸ್ಮಾರ್ಟ್ ಬೋರ್ಡು ಬಿಡಿ. ಆ ಆವರಣದಲ್ಲಿ ದಿನಕ್ಕೆ ಎಷ್ಟು ಹೊತ್ತು ಕಿವುಡರ ಜೊತೆ ಕಳೆಯುತ್ತೀರಿ ಎಂಬುದೇ ಎಲ್ಲಕ್ಕಿಂತ ದೊಡ್ಡ ಅಳತೆಗೋಲು. ಸನ್ನೆ ಭಾಷೆ ಪುಸ್ತಕದಿಂದ ಬರುವುದಿಲ್ಲ, ಬರೀ ವಿಡಿಯೊದಿಂದಲೂ ಬರುವುದಿಲ್ಲ. ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ ನಿಮ್ಮ ತಪ್ಪು ಸನ್ನೆ ನೋಡಿ ಯಾರಾದರೂ ನಕ್ಕು ತಿದ್ದಬೇಕು. ಡಿಟಿಐಎಸ್‌ಎಲ್ ನೆನಪಿಟ್ಟುಕೊಳ್ಳಿ ಎಂದದ್ದು ಇದಕ್ಕೇ: ಅದೇ ಕ್ಯಾಂಪಸ್ಸಿನಲ್ಲಿ ಆ ಕೋರ್ಸೂ ನಡೆಯುತ್ತಿದ್ದರೆ ನಿಮ್ಮ ಪಕ್ಕದ ಕೋಣೆಯಲ್ಲೇ ಕಿವುಡ ಸಹಪಾಠಿಗಳ ಒಂದು ಬ್ಯಾಚ್ ಸಿಕ್ಕಂತೆ.

ಭಾಷೆಯ ಪಾಠ ಮಾಡುವ ಅಧ್ಯಾಪಕರು ಕಿವುಡರೇ ಎಂದು ಕೇಳಿ. ‘ಒಬ್ಬರಿದ್ದಾರೆ, ಸಹಾಯಕರಾಗಿ’ ಎಂಬ ಉತ್ತರ ಬಂದರೆ ಅವರು ವಾರಕ್ಕೆ ಎಷ್ಟು ಗಂಟೆ ಸ್ವತಂತ್ರವಾಗಿ ಪಾಠ ಮಾಡುತ್ತಾರೆ ಎಂದು ಮತ್ತೆ ಕೇಳಿ. ಇಂಟರ್‌ಪ್ರಿಟಿಂಗ್ ಭಾಗವನ್ನು ಕಲಿಸುವವರು ಈಗಲೂ ಹೊರಗೆ ಕೆಲಸ ಮಾಡುವ ಇಂಟರ್‌ಪ್ರಿಟರುಗಳಾಗಿರಬೇಕು.

ಆಮೇಲೆ ಅನುಮತಿ ಪಡೆದು ಒಂದು ತರಗತಿಯಲ್ಲಿ 20 ನಿಮಿಷ ಹಿಂದೆ ಕೂತುಬಿಡಿ. ಬೆಂಚು ಸಾಲಾಗಿ ಹಾಕಿದ್ದಾರೋ ಅರ್ಧಚಂದ್ರಾಕಾರದಲ್ಲೋ? ಸಾಲಿನಲ್ಲಿ ಕೂತರೆ ಮುಂದಿನವರ ತಲೆ ಕಾಣುತ್ತದೆಯೇ ಹೊರತು ಕೈ ಕಾಣುವುದಿಲ್ಲ. ಅಧ್ಯಾಪಕರು ಕಿಟಕಿಗೆ ಬೆನ್ನುಮಾಡಿ ನಿಂತಿದ್ದಾರೆಯೇ? ಹಿಂದಿನಿಂದ ಬೆಳಕು ಬಿದ್ದರೆ ಮುಖ ಕಪ್ಪಾಗಿ ಹುಬ್ಬು, ಬಾಯಿ, ಕೆನ್ನೆಯ ಚಲನೆ ಕಾಣದು. ಈ ಭಾಷೆಯಲ್ಲಿ ವ್ಯಾಕರಣದ ಅರ್ಧ ಇರುವುದು ಅಲ್ಲೇ. ಮಕ್ಕಳು ಬಾಯಲ್ಲಿ ಮಾತಾಡುತ್ತಾ ಕೈ ಆಡಿಸುತ್ತಿದ್ದರೆ ಅದು ಸನ್ನೆ ಭಾಷೆಯ ತರಗತಿಯಲ್ಲ. ಒಳ್ಳೆಯ ಕಡೆ ಬಾಗಿಲು ದಾಟಿದ ಮೇಲೆ ಬಾಯಿ ಬಂದ್.

ಪಾಠದ ಗುಣಮಟ್ಟ ತಿಳಿಯಲು ಒಂದು ವಾಕ್ಯ ಸಾಕು. ‘ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ, ರಕ್ತ ಪರೀಕ್ಷೆ ಮಾಡಬೇಕು ಎಂದು ಡಾಕ್ಟರ್ ಹೇಳಿದರೆ ಹೇಗೆ ದಾಟಿಸುತ್ತೀರಿ?’ ಎಂದು ಎರಡನೇ ವರ್ಷದ ವಿದ್ಯಾರ್ಥಿಯೊಬ್ಬರನ್ನು ಕೇಳಿ. ಕಳಪೆ ಪಾಠ ಕೇಳಿದವರು ಪದಕ್ಕೊಂದು ಸನ್ನೆ ಮಾಡುತ್ತಾರೆ: ನಾಳೆ, ಬೆಳಿಗ್ಗೆ, ಖಾಲಿ, ಹೊಟ್ಟೆ, ಬಾ. ಎದುರಿನ ಕಿವುಡ ವ್ಯಕ್ತಿಗೆ ಖಾಲಿ ಪಾತ್ರೆಯೂ ಹೊಟ್ಟೆಯೂ ಬೇರೆಬೇರೆಯಾಗಿ ಕಂಡು, ತಲೆಯಾಡಿಸಿ, ಮರುದಿನ ಇಡ್ಲಿ ತಿಂದೇ ಬರುತ್ತಾರೆ. ಸರಿಯಾಗಿ ಕಲಿತವರು ಅರ್ಥವನ್ನು ಹಿಡಿಯುತ್ತಾರೆ: ನಾಳೆ ಬೆಳಿಗ್ಗೆ, ರಕ್ತ ತೆಗೆಯುವುದು, ಅದಕ್ಕೆ ಮೊದಲು ತಿನ್ನುವುದು ಇಲ್ಲ, ಹಾಗೇ ಬರುವುದು. ಇನ್ನೂ ಚೆನ್ನಾಗಿ ಕಲಿತವರು ಒಂದು ಕಡೆ ತಡೆಯುತ್ತಾರೆ. ನೀರು ಕುಡಿಯಬಹುದೇ ಎಂದು ಡಾಕ್ಟರ್ ಹೇಳಿಲ್ಲ. ಇಂಟರ್‌ಪ್ರಿಟರ್ ತಾನೇ ‘ನೀರೂ ಬೇಡ’ ಎಂದು ಸೇರಿಸಬಾರದು, ‘ನೀರು ಪರವಾಗಿಲ್ಲ’ ಎಂದೂ ಹೇಳಬಾರದು. ರೋಗಿ ಕೇಳಿದರೆ ಆ ಪ್ರಶ್ನೆಯನ್ನು ಡಾಕ್ಟರಿಗೆ ದಾಟಿಸಬೇಕು, ಅಷ್ಟೆ. ಸೇರಿಸದೆ, ಬಿಡದೆ, ಬದಲಿಸದೆ ಹೇಳುವುದು ಮತ್ತು ಕೇಳಿದ್ದನ್ನು ಹೊರಗೆ ಬಾಯಿಬಿಡದಿರುವುದು ಈ ವೃತ್ತಿಯ ಮೂಲ ನೀತಿ. ಅದನ್ನು ಇಂಥ ವಾಕ್ಯಗಳ ಮೂಲಕ ದಿನವೂ ಕಲಿಸುವ ಕಡೆ ಸೇರಿ. ನೀತಿಸಂಹಿತೆಯನ್ನು ಒಂದು ಅಧ್ಯಾಯವಾಗಿ ಬಾಯಿಪಾಠ ಮಾಡಿಸುವ ಕಡೆ ಅದು ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ.

ಇನ್ನೊಂದು ಗುಟ್ಟಿನ ಪ್ರಶ್ನೆ: ‘ಸನ್ನೆಯಿಂದ ಮಾತಿಗೆ ಎಷ್ಟು ಗಂಟೆ ಅಭ್ಯಾಸ?’ ಮಾತು ಕೇಳಿ ಸನ್ನೆ ಮಾಡುವುದನ್ನು ಎಲ್ಲರೂ ಕಲಿಸುತ್ತಾರೆ, ಏಕೆಂದರೆ ವೇದಿಕೆಯ ಮೇಲೆ ಕಾಣುವುದು ಅದು. ಕಿವುಡರು ಸನ್ನೆ ಮಾಡಿದ್ದನ್ನು ನೋಡಿ ಕೂಡಲೇ ಮಾತಿನಲ್ಲಿ ಹೇಳುವುದು ಅದಕ್ಕಿಂತ ಕಷ್ಟ. ಪೊಲೀಸ್ ಠಾಣೆಯಲ್ಲಿ ದೂರು ಕೊಡಲು ಬಂದವರಿಗೆ ಬೇಕಾದದ್ದು ಇದೇ. ಇದರ ಅಭ್ಯಾಸ ಕಡಿಮೆಯಾದರೆ ಡಿಪ್ಲೊಮಾ ಮುಗಿದ ಮೇಲೂ ಪರಿಚಯವಿಲ್ಲದ ಕಿವುಡರ ಮುಂದೆ ನಾಲಿಗೆ ಕಟ್ಟಿಕೊಳ್ಳುತ್ತದೆ. ವಿದ್ಯಾರ್ಥಿಗಳ ಅಭ್ಯಾಸವನ್ನು ವಿಡಿಯೊ ಮಾಡಿ, ಕಿವುಡ ಅಧ್ಯಾಪಕರ ಜೊತೆ ಕೂತು ತಿದ್ದುವ ಪದ್ಧತಿ ಇದೆಯೇ ನೋಡಿ. ತಿಂಗಳಿಗೆ ಎರಡು ಬಾರಿಯಾದರೂ ಆಗಬೇಕು.

ಇಂಟರ್ನ್‌ಶಿಪ್ ಎಲ್ಲಿ ಎಂಬುದನ್ನೂ ಹೆಸರು ಸಮೇತ ಕೇಳಿ. ಕಿವುಡ ಮಕ್ಕಳ ಶಾಲೆಯೊಂದನ್ನೇ ಹೇಳಿದರೆ ಸಾಲದು. ಶಾಲೆಯಲ್ಲಿ ಒಂದೇ ಬಗೆಯ ಭಾಷೆ, ಒಂದೇ ವಯಸ್ಸಿನವರು. ಆಸ್ಪತ್ರೆ, ಕಾಲೇಜು, ಕಂಪನಿಯ ತರಬೇತಿ, ಕಿವುಡರ ಸಂಘದ ಸಭೆ, ಇವುಗಳಲ್ಲಿ ಎರಡಾದರೂ ಬೇಕು. ಅಲ್ಲಿ ವಿದ್ಯಾರ್ಥಿಯ ಜೊತೆ ಅನುಭವಿಯೊಬ್ಬರು ಇರಬೇಕು. ಒಬ್ಬರೇ ಗಂಟೆಗಟ್ಟಲೆ ನಿಂತು ಮಾಡಿದ್ದನ್ನು ‘ಒಳ್ಳೆ ಎಕ್ಸ್‌ಪೀರಿಯೆನ್ಸ್’ ಎಂದು ಹೊಗಳುವ ಕಡೆ ಹುಷಾರು. ಉದ್ದನೆಯ ಕೆಲಸದಲ್ಲಿ ಇಬ್ಬರು ಇಂಟರ್‌ಪ್ರಿಟರುಗಳಿದ್ದು ಸುಮಾರು 20 ನಿಮಿಷಕ್ಕೊಮ್ಮೆ ಬದಲಾಗುವುದು ವೃತ್ತಿಯ ರೂಢಿ. ಅದನ್ನು ಮೀರಿದರೆ ಮೊದಲು ಸೋಲುವುದು ತಲೆ, ಕೈ ಅಲ್ಲ: ಅಂಕಿಗಳು, ಹೆಸರುಗಳು ಜಾರತೊಡಗುತ್ತವೆ, ಮಾಡುವವರಿಗೇ ಅದು ಗೊತ್ತಾಗುವುದಿಲ್ಲ. ಭುಜ, ಮಣಿಕಟ್ಟಿನ ನೋವು ಆಮೇಲೆ ಬರುತ್ತದೆ.

ಕನ್ನಡದ ಸಮಸ್ಯೆ

ಕರ್ನಾಟಕದವರು ಪ್ರತ್ಯೇಕವಾಗಿ ಯೋಚಿಸಬೇಕಾದ ವಿಷಯ ಇದು. ಇಂಟರ್‌ಪ್ರಿಟರ್ ಅಂದರೆ ಒಂದು ಜೋಡಿ ಭಾಷೆ. ದೆಹಲಿಯಲ್ಲಿ ಕಲಿತರೆ ಆ ಜೋಡಿ ಹಿಂದಿ–ಸನ್ನೆ ಅಥವಾ ಇಂಗ್ಲಿಷ್–ಸನ್ನೆ. ನೀವು ಕೆಲಸ ಮಾಡುವುದು ತುಮಕೂರಿನ ಜಿಲ್ಲಾಸ್ಪತ್ರೆಯಲ್ಲೋ ಹಾವೇರಿಯ ತಹಶೀಲ್ದಾರ್ ಕಚೇರಿಯಲ್ಲೋ ಆದರೆ ಎದುರಿನವರು ‘ಪಹಣಿ, ಪೋಡಿ, ಖಾತೆ ಬದಲಾವಣೆ’ ಎನ್ನುತ್ತಾರೆ. ಅವಕ್ಕೆ ಯಾವ ಡಿಕ್ಷನರಿಯಲ್ಲೂ ಸಿದ್ಧ ಸನ್ನೆ ಇರುವುದಿಲ್ಲ. ಪೋಡಿ ಎಂದರೇನು ಎಂದು ನಿಮಗೆ ಗೊತ್ತಿದ್ದರೆ, ಜಮೀನನ್ನು ಅಳೆದು ಭಾಗ ಮಾಡಿ ಬೇರೆ ನಂಬರು ಕೊಡುವುದನ್ನು ಕೈಯಲ್ಲಿ ತೋರಿಸಬಹುದು. ಗೊತ್ತಿಲ್ಲದಿದ್ದರೆ ಡಿಪ್ಲೊಮಾ ಉಪಯೋಗಕ್ಕೆ ಬರುವುದಿಲ್ಲ.

ಆದ್ದರಿಂದ ಕಾಲೇಜಿನಲ್ಲಿ ಕೇಳಬೇಕಾದ ಪ್ರಶ್ನೆ: ‘ಅಭ್ಯಾಸವನ್ನು ಕನ್ನಡದಲ್ಲಿ ಮಾಡಲು ಬಿಡುತ್ತೀರಾ? ಕರ್ನಾಟಕದ ಇನ್ನೊಬ್ಬ ವಿದ್ಯಾರ್ಥಿ ಬ್ಯಾಚಿನಲ್ಲಿದ್ದಾರಾ?’ ಇಬ್ಬರಿದ್ದರೆ ಒಬ್ಬರು ಕನ್ನಡದಲ್ಲಿ ಮಾತಾಡಿ ಇನ್ನೊಬ್ಬರು ಸನ್ನೆಗೆ ದಾಟಿಸುವ ಅಭ್ಯಾಸ ಹಾಸ್ಟೆಲಿನಲ್ಲೇ ನಡೆಯುತ್ತದೆ. ಯಾರೂ ಇಲ್ಲವೆಂದರೆ ಆಕಾಶವಾಣಿಯ ಪ್ರದೇಶ ಸಮಾಚಾರ ಹಚ್ಚಿಕೊಳ್ಳಿ. ಮೊದಲ ತಿಂಗಳು ಎರಡೇ ನಿಮಿಷ ಸಾಕು, ವಾಕ್ಯ ಮುಗಿದ ಮೇಲೆ ನಿಲ್ಲಿಸಿ ಸನ್ನೆ ಮಾಡಿ, ಆಮೇಲೆ ನಿಲ್ಲಿಸದೆ.

ಒಂದು ಸಮಾಧಾನವಿದೆ. ಭಾರತೀಯ ಸನ್ನೆ ಭಾಷೆಯ ವಾಕ್ಯಕಟ್ಟು ಇಂಗ್ಲಿಷಿಗಿಂತ ಕನ್ನಡಕ್ಕೆ ಹತ್ತಿರ. ಕ್ರಿಯೆ ಸಾಮಾನ್ಯವಾಗಿ ಕೊನೆಯಲ್ಲಿ, ‘ಇಲ್ಲ, ಬೇಡ’ ಅದಕ್ಕೂ ಆಚೆ, ಪ್ರಶ್ನೆಯ ಸನ್ನೆ ತುದಿಯಲ್ಲಿ: ‘ನಿಮ್ಮ ಹೆಸರು ಏನು’. ಏನು, ಎಲ್ಲಿ, ಯಾರು ಎಂಬುದಕ್ಕೆ ಮೂಲತಃ ಒಂದೇ ಪ್ರಶ್ನೆ-ಸನ್ನೆಯನ್ನು ಬಳಸಿ, ಅದರ ಹಿಂದೆ ಮುಖ ಎಂಬುದನ್ನು ಸೇರಿಸಿದರೆ ಯಾರು, ಜಾಗ ಸೇರಿಸಿದರೆ ಎಲ್ಲಿ, ಸಮಯ ಸೇರಿಸಿದರೆ ಯಾವಾಗ ಎಂದಾಗುವ ರೀತಿಯೂ ಇದೆ. ಹೌದು-ಅಲ್ಲ ಉತ್ತರದ ಪ್ರಶ್ನೆಯಾದರೆ ಹುಬ್ಬು ಮೇಲೇರುತ್ತದೆ. ಇದನ್ನು ಕಲಿಸದೆ ‘ವಾಟ್ ಈಸ್ ಯುವರ್ ನೇಮ್’ ಎಂಬ ಅನುಕ್ರಮದಲ್ಲೇ ಸನ್ನೆ ಮಾಡಿಸುವವರು ಕಲಿಸುತ್ತಿರುವುದು ಕೈಯಲ್ಲಿ ಮಾಡುವ ಇಂಗ್ಲಿಷ್. ಅದೇ ರೂಢಿಯಾದರೆ ಬಿಡಿಸುವುದು ಬಹಳ ಕಷ್ಟ.

ಬೆರಳಕ್ಷರದಲ್ಲಿ, ಅಂದರೆ ಹೆಸರನ್ನು ಒಂದೊಂದೇ ಅಕ್ಷರವಾಗಿ ಬೆರಳಲ್ಲಿ ತೋರಿಸುವುದರಲ್ಲಿ, ಮಾತ್ರ ಇಂಗ್ಲಿಷ್ ಬೇಕೇ ಬೇಕು. ಇಲ್ಲಿ ರೂಢಿಯಲ್ಲಿರುವುದು ಎರಡು ಕೈಯ ಇಂಗ್ಲಿಷ್ ಅಕ್ಷರಮಾಲೆ. ಸ್ವರಗಳಿಗೆ ಎಡಗೈಯ ಐದು ಬೆರಳು: ‘ಎ’ ಹೆಬ್ಬೆರಳು, ‘ಇ’ ತೋರುಬೆರಳು, ‘ಐ’ ನಡುಬೆರಳು, ‘ಒ’ ಉಂಗುರದ ಬೆರಳು, ‘ಯು’ ಕಿರುಬೆರಳು. ಅಂಗೈ ಮೇಲೆ ಮೂರು ಬೆರಳಿಟ್ಟರೆ ‘ಎಂ’, ಎರಡಿಟ್ಟರೆ ‘ಎನ್’. ಓದುವಾಗ ತಪ್ಪುವುದು ಇಲ್ಲೇ, ಪಕ್ಕದ ಬೆರಳಿಗೆ ಜಾರುತ್ತದೆ. ಕನ್ನಡಿಗರಿಗೆ ಇನ್ನೊಂದು ತೊಡಕು: ಶಿವಮೊಗ್ಗವನ್ನು ಕನ್ನಡದಲ್ಲಿ ಕೇಳಿ ಎಸ್-ಎಚ್-ಐ-ವಿ-ಎ-ಎಂ-ಒ-ಜಿ-ಜಿ-ಎ ಎಂದು ಕೈಗೆ ತರಬೇಕು. ಲಕ್ಷ್ಮಿಯನ್ನು ಒಬ್ಬರು ಕೆ-ಎಸ್-ಎಚ್ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಎಕ್ಸ್ ಹಾಕಿ. ಕಚೇರಿ ಕೆಲಸದಲ್ಲಿ ಆಧಾರ್ ಕಾರ್ಡಿನಲ್ಲಿ ಇದ್ದ ಹಾಗೆಯೇ ಬೆರಳಾಡಿಸಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಹೆದರಬೇಕಿಲ್ಲ. ದಿನಕ್ಕೆ ಹತ್ತು ಊರು, ಹತ್ತು ಹೆಸರು ಬರೆದು ಬೆರಳಾಡಿಸಿದರೆ ಮೂರು ತಿಂಗಳಲ್ಲಿ ಕೈ ಹತ್ತುತ್ತದೆ.

ಊರೂರಿನ ವ್ಯತ್ಯಾಸವೂ ಇದೆ. 1970ರ ದಶಕದಲ್ಲೇ ಭಾಷಾವಿಜ್ಞಾನಿಗಳು ದೆಹಲಿ, ಕೋಲ್ಕತ್ತ, ಮುಂಬೈ, ಬೆಂಗಳೂರುಗಳ ಸನ್ನೆಗಳನ್ನು ಹೋಲಿಸಿ ನೋಡಿದ್ದರು: ವ್ಯಾಕರಣ ಒಂದೇ, ಪದಗಳಲ್ಲಿ ವ್ಯತ್ಯಾಸ. ದೆಹಲಿಯ ಸಂಸ್ಥೆ 2021ರ ಫೆಬ್ರುವರಿಯಲ್ಲಿ 10,000 ಪದಗಳ ಡಿಕ್ಷನರಿ ತಂದಿದೆ, ‘ಸೈನ್ ಲರ್ನ್’ ಎಂಬ ಆ್ಯಪ್ ಕೂಡ ಇದೆ. ಅವು ಬೇಕು, ಆದರೆ ಊರಿಗೆ ಮರಳಿ ಬಂದು ‘ಡಿಕ್ಷನರಿಯಲ್ಲಿ ಹೀಗಿದೆ, ನಿಮ್ಮದು ತಪ್ಪು’ ಎಂದು ಅರವತ್ತು ವರ್ಷದ ಕಿವುಡ ಅಜ್ಜನಿಗೆ ಹೇಳಬಾರದು. ಅವರ ಸನ್ನೆಯನ್ನು ನೀವು ಕಲಿಯಬೇಕು.

ಸೇರುವ ಮುನ್ನಿನ ಆರು ತಿಂಗಳು

ಒಂದೂ ಸನ್ನೆ ಗೊತ್ತಿಲ್ಲದೆ ಡಿಸ್ಲಿಗೆ ಸೇರಬಹುದು. ಆದರೆ ಆಗ ಎರಡು ವರ್ಷದ ಮೊದಲ ಭಾಗ ಭಾಷೆ ಕಲಿಯುವುದರಲ್ಲೇ ಹೋಗಿ ಇಂಟರ್‌ಪ್ರಿಟಿಂಗ್‌ಗೆ ಸಮಯ ಸಾಲದು. ಮುಂಚೆಯೇ ತಳಪಾಯ ಹಾಕಿಕೊಳ್ಳಿ. ನಿಮ್ಮ ಜಿಲ್ಲೆಯ ಕಿವುಡರ ಸಂಘ ಹುಡುಕಿ, ಭಾನುವಾರ ಅವರು ಸೇರುವ ಕಡೆ ಹೋಗಿ. ಮೊದಲ ಎರಡು ವಾರ ಸುಮ್ಮನೆ ನೋಡಿ, ಹೆಸರು ಮತ್ತು ಊರು ಹೇಳಲು ಕಲಿಯಿರಿ. 2024ರ ಡಿಸೆಂಬರಿನಲ್ಲಿ ಶುರುವಾದ ಪಿಎಂ ಇ-ವಿದ್ಯಾ 31ನೇ ವಾಹಿನಿ ಸನ್ನೆ ಭಾಷೆಗೇ ಮೀಸಲು. ಅದನ್ನು ಧ್ವನಿ ಬಂದ್ ಮಾಡಿ ನೋಡುವುದು ಒಳ್ಳೆಯ ಅಭ್ಯಾಸ.

ಒಂದು ಮಾತು: ‘ಕಿವುಡ-ಮೂಗ’ ಎನ್ನಬೇಡಿ. ಅವರು ಮೂಗರಲ್ಲ, ಅವರಿಗೊಂದು ಭಾಷೆಯಿದೆ. ‘ಶ್ರವಣದೋಷವುಳ್ಳವರು’ ಎನ್ನುವುದು ಸರ್ಕಾರಿ ಕಾಗದದ ಮಾತು. ಸಮುದಾಯದಲ್ಲಿ ಬಹಳ ಮಂದಿ ‘ಡೆಫ್’ ಅಥವಾ ‘ಕಿವುಡರು’ ಎಂದೇ ಗುರುತಿಸಿಕೊಳ್ಳುತ್ತಾರೆ.

ತಂದೆತಾಯಿ ಅಥವಾ ಒಡಹುಟ್ಟಿದವರು ಕಿವುಡರಾಗಿದ್ದರೆ ನಿಮ್ಮ ದಾರಿ ಸ್ವಲ್ಪ ಬೇರೆ. ಭಾಷೆ ಮನೆಯಲ್ಲೇ ಬಂದಿರುತ್ತದೆ. ಕಿವುಡ ತಂದೆತಾಯಿಯ ಮಕ್ಕಳನ್ನು ಕೋಡಾ, ಕಿವುಡರ ಒಡಹುಟ್ಟಿದವರನ್ನು ಸೋಡಾ ಎನ್ನುತ್ತಾರೆ. ಅವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯನ್ನು ದೆಹಲಿಯ ಸಂಸ್ಥೆಯೇ ಮಾಡಿದೆ. ಹಾಗೆಂದು ಮನೆಯ ಅಭ್ಯಾಸವೇ ವೃತ್ತಿಯಲ್ಲ. ಅಮ್ಮನ ಜೊತೆ ಬ್ಯಾಂಕಿಗೆ ಹೋದ ಮಗ ಮ್ಯಾನೇಜರ್ ಹೇಳಿದ್ದನ್ನು ಅರ್ಧ ಹೇಳಿ, ಉಳಿದರ್ಧ ತಾನೇ ತೀರ್ಮಾನಿಸಿಬಿಡುತ್ತಾನೆ. ಕೋರ್ಸಿನಲ್ಲಿ ಅವನು ಬಿಡಬೇಕಾದದ್ದು ಆ ಅಭ್ಯಾಸವನ್ನೇ.

ಫೀಸು, ಕಾಗದಪತ್ರ

ಪೂರ್ತಿ ಎರಡು ವರ್ಷದ ಲೆಕ್ಕವನ್ನು ಬರಹದಲ್ಲಿ ಕೇಳಿ: ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಹಾಸ್ಟೆಲ್, ಇಂಟರ್ನ್‌ಶಿಪ್ ಓಡಾಟ. ಸರ್ಕಾರಿ ಸಂಸ್ಥೆಯಲ್ಲಿ ಶುಲ್ಕ ಕಡಿಮೆಯಿದ್ದರೂ ದೆಹಲಿಯಲ್ಲಿ ಕೋಣೆ ಬಾಡಿಗೆ ಅದನ್ನು ನುಂಗಿಬಿಡಬಹುದು. ಮೂಲ ಅಂಕಪಟ್ಟಿಯನ್ನು ಕಾಲೇಜಿನಲ್ಲೇ ಇಟ್ಟುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ, ಪರಿಶೀಲಿಸಿ ವಾಪಸ್ ಕೊಡಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದೇ ಇರುವಂತೆ ಈಗಲೇ ಸರಿಪಡಿಸಿಕೊಳ್ಳಿ, ಸಿಆರ್‌ಆರ್ ನೋಂದಣಿ ಹೊತ್ತಿಗೆ ಇನಿಷಿಯಲ್ ಹಿಂದೆ-ಮುಂದೆ ಆಗಿದ್ದಕ್ಕೆ ಅಫಿಡವಿಟ್ ಮಾಡಿಸುವ ತಾಪತ್ರಯ ಬೇಡ.

ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಇರುವ ಕನ್ನಡಿಗರ ಮಕ್ಕಳು ಅಲ್ಲೇ ಓದುವುದಾದರೆ ಮೇಲಿನ ಯಾವ ಪಟ್ಟಿಯೂ ಅನ್ವಯಿಸದು. ಅಮೆರಿಕದಲ್ಲಿ ನಾಲ್ಕು ವರ್ಷದ ಇಂಟರ್‌ಪ್ರಿಟಿಂಗ್ ಪದವಿಗಳಿವೆ, ವಾಷಿಂಗ್ಟನ್ನಿನ ಗ್ಯಾಲೊಡೆಟ್ ವಿಶ್ವವಿದ್ಯಾಲಯ ಅದಕ್ಕೆ ಹೆಸರುವಾಸಿ. ಅಲ್ಲಿನ ಎಎಸ್‌ಎಲ್, ಅಂದರೆ ಅಮೆರಿಕನ್ ಸನ್ನೆ ಭಾಷೆ, ಬೇರೆಯೇ ಭಾಷೆ, ಬೆರಳಕ್ಷರ ಒಂದೇ ಕೈಯದು. ಆ ಪದವಿ ಹಿಡಿದು ಬೆಂಗಳೂರಿಗೆ ಬಂದರೆ ಇಲ್ಲಿನ ಭಾಷೆಯನ್ನು ಮೊದಲಿನಿಂದ ಕಲಿಯಬೇಕು.

ಡಿಪ್ಲೊಮಾ ಕೈಗೆ ಬಂದ ಮೇಲೆ

ಫಲಿತಾಂಶ ಬಂದ ಕೂಡಲೇ ಸಿಆರ್‌ಆರ್‌ಗೆ ಅರ್ಜಿ ಹಾಕಿ. ಅದನ್ನು ನಿಗದಿತ ಅವಧಿಗೊಮ್ಮೆ ನವೀಕರಿಸಬೇಕು, ಅದಕ್ಕೆ ಸಿಆರ್‌ಇ ಎಂಬ ಮರುತರಬೇತಿಗಳ ಅಂಕ ಬೇಕು. ಹಾಜರಾದ ಪ್ರತಿ ಕಾರ್ಯಾಗಾರದ ಪ್ರಮಾಣಪತ್ರವನ್ನೂ ಜೋಪಾನವಾಗಿಡಿ.

ಕೆಲಸ ಎಲ್ಲಿದೆ ಎಂದು ಕೇಳಿದರೆ ಎಲ್ಲರೂ ಮೊದಲು ಶಾಲೆ, ಟಿವಿ ಎನ್ನುತ್ತಾರೆ. ಕಾನೂನಿನ ಕಡೆಯೂ ನೋಡಿ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಇಂಟರ್‌ಪ್ರಿಟರ್ ನೆರವಿನಿಂದ ಸುಪ್ರೀಂ ಕೋರ್ಟಿನ ಮುಂದೆ ಹಾಜರಾದರು. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟೂ ಅವರ ವಾದವನ್ನು ಹಾಗೆಯೇ ಆಲಿಸಿತು. ಮಾತಾಡಲಾಗದ ಸಾಕ್ಷಿಯ ಹೇಳಿಕೆಯನ್ನು ಇಂಟರ್‌ಪ್ರಿಟರ್ ಅಥವಾ ವಿಶೇಷ ಶಿಕ್ಷಕರ ನೆರವಿನಿಂದ ಪಡೆದು ವಿಡಿಯೊ ಮಾಡಬೇಕೆಂದು ಭಾರತೀಯ ಸಾಕ್ಷ್ಯ ಅಧಿನಿಯಮದ 125ನೇ ಕಲಂ ಹೇಳುತ್ತದೆ. ಅಂದರೆ ನಿಮ್ಮ ಪ್ರತಿ ಸನ್ನೆಯನ್ನೂ ಆಮೇಲೆ ಇನ್ನೊಬ್ಬರು ನೋಡಿ ತಪ್ಪು ಹಿಡಿಯಬಹುದು. ಎರಡು ವರ್ಷ ಅನುಭವವಾಗುವ ತನಕ ಇಂಥ ಕೆಲಸಕ್ಕೆ ಒಬ್ಬರೇ ಹೋಗದಿರುವುದು ಲೇಸು. ಸಂತ್ರಸ್ತರ ಅಥವಾ ಆರೋಪಿಯ ಪರಿಚಯ ನಿಮಗಿದ್ದರೆ ಅದನ್ನು ಮೊದಲೇ ಹೇಳಿ ಹಿಂದೆ ಸರಿಯಬೇಕು.

ಪೋಕ್ಸೊ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ಇಂಟರ್‌ಪ್ರಿಟರುಗಳ ಒಂದು ರಿಜಿಸ್ಟರ್ ಇಡಬೇಕು, ಪೊಲೀಸರಿಗೂ ವಿಶೇಷ ನ್ಯಾಯಾಲಯಕ್ಕೂ ಬೇಕಾದಾಗ ಅಲ್ಲಿಂದಲೇ ಕರೆ ಹೋಗುತ್ತದೆ. ಸಿಆರ್‌ಆರ್ ನಂಬರ್, ಡಿಪ್ಲೊಮಾ ಪ್ರತಿ, ಗೊತ್ತಿರುವ ಭಾಷೆಗಳ ವಿವರ ಹಿಡಿದು ಆ ಕಚೇರಿಗೆ ಹೋಗಿ ಹೆಸರು ಬರೆಸಿ, ಸ್ವೀಕೃತಿ ಪಡೆಯಿರಿ. ವರ್ಷಕ್ಕೊಮ್ಮೆ ಹೋಗಿ ರಿಜಿಸ್ಟರಿನಲ್ಲಿ ನಿಮ್ಮ ಫೋನ್ ನಂಬರ್ ಇನ್ನೂ ಸರಿಯಿದೆಯೇ ನೋಡಿ ಬನ್ನಿ.